ಕಾವಲಿಯಿಂದ ಉಡುಪಿಗೆ ಎಳೆದ ಗೆರೆ

1972ರಿಂದ 1975ರವರೆಗೆ ಆಂಧ್ರದ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯ ತನಕ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ, ಅಪರೂಪದ ಕೆಲಸವೊಂದು ನಡೆಯಿತು. ಅಲ್ಲಲ್ಲಿ ನೆಲದೊಳಗೆ ಮದ್ದು ಹೂತು ಸಿಡಿಸುವುದು, ಆ ನಡುಕ ಎಲ್ಲೆಲ್ಲಿಗೆ ಎಷ್ಟೆಷ್ಟು ಸೆಕೆಂಡಿಗೆ ತಲುಪಿತು ಎಂದು ದಾಖಲಿಸುವುದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೋವಿಯತ್ ಸಹಕಾರದೊಂದಿಗೆ ಮಾಡಿದ ಈ ಸಮೀಕ್ಷೆ, ಭೂಮಿಯ ತೊಗಟೆಯನ್ನು ಅದರ ಬುಡದವರೆಗೆ ಕಾಣಲು ಭಾರತದಲ್ಲಿ ನಡೆದ ಮೊದಲ ಪ್ರಯತ್ನ. ಕಡಪದ ಪದರಶಿಲೆಗಳು, ಅದರಾಚೆಯ ಗ್ರಾನೈಟು, ಚಿತ್ರದುರ್ಗದ ಶಿಸ್ಟ್ ಪಟ್ಟಿ, ಮಲೆನಾಡು, ಘಟ್ಟ, ಕೊನೆಗೆ ಕಡಲು. ದಕ್ಷಿಣದ ಅತಿ ಹಳೆಯ ನೆಲವನ್ನು ಈ ಗೆರೆ ಅಡ್ಡಲಾಗಿ ಹಾಯ್ದು ಹೋಗುತ್ತದೆ. ನಮ್ಮ ನಾಡಿನ ಚರಿತ್ರೆ ಬರೆಯುವವರು ಶಾಸನಗಳಿಂದ ಶುರುಮಾಡುತ್ತಾರೆ. ಈ ಗೆರೆಯ ಸುದ್ದಿಯನ್ನೂ ಅದರ ಜೊತೆಗೆ ಹೇಳಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೆಳಗಿನ ಮಾತುಕತೆ ಆ ಗೆರೆಯ ಸುತ್ತ ನಡೆದದ್ದು. ಒಬ್ಬರು ನಿವೃತ್ತ ನೀರಾವರಿ ಎಂಜಿನಿಯರು. ಅಣೆಕಟ್ಟೆಗಳ ಪಾಯ ತೋಡಿಸುವುದರಲ್ಲೇ ಅವರ ಸೇವೆಯ ಹೆಚ್ಚು ಭಾಗ ಕಳೆದಿದೆ. ಇನ್ನೊಬ್ಬಳು ಅವರ ತಮ್ಮನ ಮಗಳು, ಭೂಭೌತ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವಳು. ಇಬ್ಬರೂ ಮಾರಿಕಣಿವೆ ನೋಡಲು ಬಂದವರು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ 1907ರಲ್ಲಿ ಮುಗಿದ ಆ ಕಲ್ಲಿನ ಕಟ್ಟೆ ನಿಂತಿರುವುದು ಇದೇ ಚಿತ್ರದುರ್ಗದ ಪಟ್ಟಿಯ ಮೇಲೆ.

ಎಂಜಿನಿಯರ್: ನಿನ್ನ ಗೆರೆ ಇಲ್ಲೇ ಎಲ್ಲೋ ಹಾದು ಹೋಗುತ್ತೆ ಅಂದೆಯಲ್ಲ, ಅದು ಈ ಗುಡ್ಡದ ಬಗ್ಗೆ ಏನು ಹೇಳುತ್ತೆ?

ಸಂಶೋಧಕಿ: ಗುಡ್ಡದ ಬಗ್ಗೆ ಹೆಚ್ಚೇನೂ ಹೇಳಲ್ಲ ದೊಡ್ಡಪ್ಪ. ಗುಡ್ಡದ ಬುಡದ ಬುಡದ ಬಗ್ಗೆ ಹೇಳುತ್ತೆ. ಕಾವಲಿಯಿಂದ ಉಡುಪಿವರೆಗೆ ತೊಗಟೆಯ ದಪ್ಪ ಒಂದೇ ಸಮ ಇಲ್ಲ, ಸುಮಾರು 34ರಿಂದ 41 ಕಿಲೋಮೀಟರ್ ನಡುವೆ ಏರಿಳಿಯುತ್ತೆ ಅಂತ ತೋರಿಸಿದರು. ಡಾ. ಕೈಲಾ ಮತ್ತು ಜೊತೆಗಾರರ ಪ್ರಬಂಧ 1979ರಲ್ಲಿ ಬಂತು. ತೊಗಟೆ ಒಂದೇ ಹಾಸುಗಲ್ಲಲ್ಲ, ತುಂಡು ತುಂಡಾಗಿದೆ, ತುಂಡುಗಳ ನಡುವಿನ ಕೆಲವು ಸ್ತರಭಂಗಗಳು ಬುಡದವರೆಗೂ ಇಳಿದಿವೆ ಅಂತ ಅದರಲ್ಲಿದೆ.

ಎಂಜಿನಿಯರ್: ನಲವತ್ತು ಕಿಲೋಮೀಟರ್ ಆಳ. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮವರು ನೂರು ವರ್ಷಕ್ಕೂ ಮೇಲೆ ತೋಡಿ 3 ಕಿಲೋಮೀಟರಿಗಿಂತ ಸ್ವಲ್ಪ ಕೆಳಗೆ ಇಳಿದರು. ಅಷ್ಟಕ್ಕೇ ಬಿಸಿ ತಡೆಯೋಕಾಗಲ್ಲ, ಬಂಡೆ ತಾನಾಗಿ ಸಿಡಿದು ಬೀಳೋದು. ಅಲ್ಲಿ ಇಳಿದವರು ಕಲ್ಲನ್ನ ಕಣ್ಣಾರೆ ಕಂಡರು. ನೀವು ನಲವತ್ತು ಕಿಲೋಮೀಟರಿನ ಚಿತ್ರವನ್ನ ಬಣ್ಣ ಹಚ್ಚಿ ಕೊಡ್ತೀರಿ, ಒಂದು ಚೂರು ಕಲ್ಲನ್ನೂ ತೋರಿಸದೆ!

ಸಂಶೋಧಕಿ: ಕಲ್ಲು ತೋರಿಸೋಕಾಗಲ್ಲ, ನಿಜ. ಆದರೆ ಕಲ್ಲಿನ ದನಿ ಕೇಳಿಸಬಹುದು. ಶಿಲ್ಪಿಗಳು ಉಳಿ ಹಿಡಿಯೋ ಮೊದಲು ಬಂಡೆಯನ್ನ ಸುತ್ತಿಗೆಯಲ್ಲಿ ಬಡಿದು ಕೇಳ್ತಾರಲ್ಲ, ಗಂಟೆಯ ಹಾಗೆ ನುಡಿಯುತ್ತೋ, ಒಳಗೆ ಬಿರುಕಿದ್ದು ಬೊಕ್ಕ ಸದ್ದು ಬರುತ್ತೋ ಅಂತ? ನಮ್ಮದೂ ಅದೇ ಕೆಲಸ. ಸುತ್ತಿಗೆ ದೊಡ್ಡದು, ಕಿವಿಗಳು ಸಾಲಾಗಿ ನೂರಾರು ಕಿಲೋಮೀಟರ್ ಹರಡಿರುತ್ತವೆ, ಅಷ್ಟೇ.

ಎಂಜಿನಿಯರ್: ಕೇಳಿದ ಶಿಲ್ಪಿ ಆಮೇಲೆ ಕಡಿದು ನೋಡ್ತಾನೆ. ನೀವು ಕಡಿಯಲ್ಲ. ಸರಿ, ಮೊದಲು ಬಡಿಯೋದು ಹೇಗೆ ಹೇಳು. ನಾವೂ ಪಾಯದ ಜಾಗದಲ್ಲಿ ಸಣ್ಣದಾಗಿ ಮಾಡಿದ್ದೀವಿ. ಸುತ್ತಿಗೆ ಏಟು ಹಾಕಿ, ಹನ್ನೆರಡು ಜಿಯೋಫೋನ್ ನೆಟ್ಟು, ಬಂಡೆ ಎಷ್ಟು ಅಡಿ ಕೆಳಗಿದೆ ಅಂತ ಲೆಕ್ಕ ಹಾಕೋದು.

ಸಂಶೋಧಕಿ: ಹಾಗಾದರೆ ಅರ್ಧ ನಿಮಗೇ ಗೊತ್ತು. ಮದ್ದು ಸಿಡಿದಾಗ ಅಲೆ ಎಲ್ಲ ದಿಕ್ಕಿಗೂ ಹೊರಡುತ್ತೆ. ಒಂದು ಪಾಲು ಮೇಲುಮೇಲಿನ ಬಂಡೆಯಲ್ಲೇ ನೇರವಾಗಿ ಓಡುತ್ತೆ, ಸೆಕೆಂಡಿಗೆ 6 ಕಿಲೋಮೀಟರಿನ ಆಜುಬಾಜು. ಇನ್ನೊಂದು ಪಾಲು ಕೆಳಗಿಳಿದು, ತೊಗಟೆ ಮುಗಿದು ಮ್ಯಾಂಟಲ್ ಶುರುವಾಗೋ ಕಡೆ ಬಾಗಿ, ಆ ಗಡಿಯ ಉದ್ದಕ್ಕೂ ಸೆಕೆಂಡಿಗೆ 8 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಿ ಮತ್ತೆ ಮೇಲೆ ಬರುತ್ತೆ. ಹತ್ತಿರದ ಜಿಯೋಫೋನಿಗೆ ನೇರ ಅಲೆಯೇ ಮೊದಲು ಮುಟ್ಟೋದು, ಯಾಕಂದರೆ ಇನ್ನೊಂದಕ್ಕೆ ಇಳಿದು ಹತ್ತೋ ದಾರಿ ಜಾಸ್ತಿ. ದೂರ ಹೋದ ಹಾಗೆ ಆಳದ ಅಲೆ ಅಂತರ ಕಡಿಮೆ ಮಾಡ್ತಾ ಬಂದು, 200 ಕಿಲೋಮೀಟರ್ ದಾಟಿದ ಮೇಲೆ ಒಂದು ಕಡೆ ನೇರ ಅಲೆಯನ್ನ ಹಿಂದೆ ಹಾಕುತ್ತೆ. ಎಲ್ಲಿ ಹಿಂದೆ ಹಾಕಿತು ಅನ್ನೋದರಿಂದ ತೊಗಟೆಯ ದಪ್ಪ ಲೆಕ್ಕಕ್ಕೆ ಸಿಗುತ್ತೆ. ಅದಕ್ಕೇ ಗೆರೆ ಅಷ್ಟು ಉದ್ದ ಬೇಕಾಗೋದು. ಇದಲ್ಲದೆ ಗಡಿಗಳಿಗೆ ಬಡಿದು ನೇರವಾಗಿ ವಾಪಸ್ ಬರೋ ಪ್ರತಿಧ್ವನಿಗಳೂ ಇವೆ. ನಮ್ಮ ಕಡೆ ತೊಗಟೆಯ ಬುಡದ ಪ್ರತಿಧ್ವನಿ ಮೇಲೆ ಬರೋಕೆ ಸುಮಾರು 12 ಸೆಕೆಂಡ್ ಹಿಡಿಯುತ್ತೆ.

ಓದುಗರಿಗಾಗಿ ಇಲ್ಲಿ ನಾನೊಂದು ಮಾತು ಸೇರಿಸಬೇಕು. ತೊಗಟೆಗೆ ಇಂಥದೊಂದು ತಳಗಡಿ ಇದೆ ಎಂದು ತಿಳಿದದ್ದು ಮದ್ದಿನಿಂದಲ್ಲ. 1909ರ ಅಕ್ಟೋಬರ್ 8ರಂದು ಈಗಿನ ಕ್ರೊಯೇಷಿಯಾದ ಕುಪಾ ಕಣಿವೆಯಲ್ಲಿ ಭೂಕಂಪವಾಯಿತು. ಝಾಗ್ರೆಬ್ ನಗರದಲ್ಲಿದ್ದ ಆಂದ್ರಿಯಾ ಮೊಹೊರೊವಿಚಿಚ್ ಬೇರೆ ಬೇರೆ ಊರುಗಳ ದಾಖಲೆಗಳನ್ನು ತರಿಸಿ ಕೂತು ನೋಡಿದಾಗ, ಒಂದೇ ಕಂಪಕ್ಕೆ ಒಂದೇ ಬಗೆಯ ಅಲೆ ಎರಡು ಬಾರಿ ಬಂದು ತಲುಪಿದ್ದು ಕಂಡಿತು. ಎರಡು ದಾರಿಗಳಿದ್ದರೆ ಮಾತ್ರ ಹಾಗಾಗಲು ಸಾಧ್ಯ. ಅವನ ಲೆಕ್ಕಕ್ಕೆ ಆ ಗಡಿ 54 ಕಿಲೋಮೀಟರ್ ಆಳದಲ್ಲಿತ್ತು. ಇಂದು ಜಗತ್ತೆಲ್ಲ ಅದನ್ನು ಮೋಹೋ ಎಂದು ಕರೆಯುತ್ತದೆ. ಯಾರೂ ಈವರೆಗೆ ಖಂಡದ ಕೆಳಗೆ ಅದನ್ನು ಮುಟ್ಟಿಲ್ಲ. ಮುಟ್ಟದಿದ್ದರೂ ಅದರ ಇರವನ್ನು ಯಾರೂ ಅನುಮಾನಿಸುವುದಿಲ್ಲ. ಎಂಜಿನಿಯರರ ತಕರಾರು ಅದರ ಇರವಿನ ಬಗ್ಗೆಯೂ ಅಲ್ಲ ಎಂಬುದನ್ನು ಗಮನಿಸಬೇಕು.

ಎಂಜಿನಿಯರ್: ಗಡಿ ಇಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ಅನುಭವ ಕೇಳು. ಒಂದು ಕಟ್ಟೆಯ ಪಾಯಕ್ಕೆ ನೀನು ಹೇಳಿದ ಹಾಗೇ ಸಮೀಕ್ಷೆ ಮಾಡಿಸಿದ್ವಿ. ಹತ್ತು ಮೀಟರಿಗೆ ಗಟ್ಟಿ ಬಂಡೆ, ಅಲ್ಲಿಂದ ಕೆಳಗೆಲ್ಲ ಗಟ್ಟಿ ಅಂತ ರಿಪೋರ್ಟ್ ಬಂತು. ಬೋರ್ ಹಾಕಿದ್ವಿ. ಹತ್ತು ಮೀಟರಿಗೆ ಬಂಡೆ ಬಂತು, ಸರಿ. ಮೂರು ಮೀಟರ್ ಆದ ಮೇಲೆ ಮುಗಿದೂ ಹೋಯ್ತು. ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗೋ ಶಿಸ್ಟು. ನಿನ್ನ ಅಲೆ ಅದನ್ನ ಯಾಕೆ ಹೇಳಲಿಲ್ಲ?

ಸಂಶೋಧಕಿ: ಹೇಳೋಕೆ ಆಗ್ತಿರಲಿಲ್ಲ. ಕೆಳಗಿನ ಪದರದಲ್ಲಿ ವೇಗ ಮೇಲಿನದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಲೆ ಗಡಿಯ ಉದ್ದಕ್ಕೂ ಓಡಿ ಮೇಲೆ ಬರುತ್ತೆ. ಕಡಿಮೆ ಇದ್ದರೆ ಅದು ಇನ್ನೂ ಕೆಳಕ್ಕೆ ಬಾಗಿಬಿಡುತ್ತೆ. ಗಟ್ಟಿ ಪದರದ ಕೆಳಗೆ ಮೆತ್ತನೆಯದು ಇದ್ದರೆ, ಮೊದಲು ಬಂದ ಅಲೆಗಳ ಲೆಕ್ಕದಲ್ಲಿ ಅದು ಕಾಣೋದೇ ಇಲ್ಲ.

ಎಂಜಿನಿಯರ್: ಹತ್ತು ಮೀಟರಿನಲ್ಲಿ ಹೀಗಾದರೆ ನಲವತ್ತು ಕಿಲೋಮೀಟರಿನಲ್ಲಿ ಏನೇನು ಬಚ್ಚಿಟ್ಟುಕೊಂಡಿರಬಹುದು?

ಸಂಶೋಧಕಿ: ಬಚ್ಚಿಟ್ಟುಕೊಂಡಿದ್ದವು, ಸಿಕ್ಕಿವೆ ಕೂಡ. ಮಹಾರಾಷ್ಟ್ರದ ಕೊಯ್ನಾ ಪ್ರದೇಶದಲ್ಲಿ ಎಪ್ಪತ್ತರ ದಶಕದಲ್ಲೇ ಇಂಥ ಎರಡು ಗೆರೆಗಳ ಮೇಲೆ ಸಮೀಕ್ಷೆ ಆಯ್ತು. ಆಮೇಲೆ ಅದೇ ದಾಖಲೆಗಳನ್ನ ಬೇರೆ ರೀತಿಯಲ್ಲಿ ನೋಡಿದರು. ಅಲೆ ಬಂದ ಹೊತ್ತಷ್ಟೇ ಅಲ್ಲ, ಅದರ ಎತ್ತರ, ಆಕಾರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಅಲೆಗಳ ಜೊತೆ ಹೋಲಿಸಿ. ಆಗ ತೊಗಟೆಯ ಒಳಗೆ ವೇಗ ಇಳಿಯುವ ಪದರಗಳು ಇರಬೇಕು ಅಂತ ಗೊತ್ತಾಯ್ತು. ದಾಖಲೆ ಹಳೆಯದೇ, ಓದಿದ ಕ್ರಮ ಹೊಸದು.

ಎಂಜಿನಿಯರ್: ಅದೇ ನನಗೆ ಹೆದರಿಕೆ. ದಾಖಲೆ ಒಂದೇ, ಓದೋ ಕ್ರಮ ಬದಲಾದರೆ ಚಿತ್ರವೂ ಬದಲು. ನಾಳೆ ಇನ್ನೊಬ್ಬರು ಬಂದು ಮತ್ತೊಂದು ಹೇಳ್ತಾರೆ. ಈ ಚಿತ್ರದುರ್ಗದ ಪಟ್ಟಿಯನ್ನೇ ತಗೋ. 1979ರಲ್ಲಿ 41 ಕಿಲೋಮೀಟರ್ ಮೀರಲ್ಲ ಅಂದರು. ಪಶ್ಚಿಮದ ಕಡೆ 50ರವರೆಗೂ ಇದೆ ಅಂತ ನೀನೇ ಕಾರಿನಲ್ಲಿ ಹೇಳ್ತಿದ್ದೆ. ಈ ಹತ್ತು ಕಿಲೋಮೀಟರ್ ಎಲ್ಲಿಂದ ಬಂತು?

ಸಂಶೋಧಕಿ: ಅದು ಬೇರೆ ವಿಧಾನದಿಂದ ಬಂದದ್ದು. ಅಲ್ಲಿ ಮದ್ದಿಲ್ಲ. ದೂರದ ದೇಶಗಳಲ್ಲಿ ಭೂಕಂಪ ಆದಾಗ ಆ ಅಲೆ ಕೆಳಗಿನಿಂದ ನಮ್ಮ ತೊಗಟೆಯನ್ನ ಹಾದು ಮೇಲೆ ಬರುತ್ತಲ್ಲ, ಬುಡದ ಗಡಿ ದಾಟೋವಾಗ ಅದರ ಒಂದು ಪಾಲು ಬೇರೆ ಬಗೆಯ ಅಲೆಯಾಗಿ, ನಿಧಾನವಾಗಿ, ತಡವಾಗಿ ಬರುತ್ತೆ. ಆ ತಡದಿಂದ ದಪ್ಪ ಲೆಕ್ಕ ಹಾಕೋದು. 2003ರ ಹೊತ್ತಿಗೆ ಹೀಗೆ ನೋಡಿದವರು ಧಾರವಾಡ ಭೂಖಂಡದ, ಅಂದರೆ ನಮ್ಮ ಈ ಹಳೆಯ ನೆಲದ, ಪೂರ್ವದ ಅರ್ಧ ತೆಳ್ಳಗಿದೆ, ಸುಮಾರು 35 ಕಿಲೋಮೀಟರ್. ಪಶ್ಚಿಮದ ಅರ್ಧ 40ರಿಂದ 50 ಅಂದರು. ಬೆಟ್ಟಗಳಿಲ್ಲದ, ಸವೆದು ಸಮವಾದ, 300 ಕೋಟಿ ವರ್ಷ ದಾಟಿದ ನೆಲದ ಕೆಳಗೆ ಅಷ್ಟು ದಪ್ಪ ತೊಗಟೆ ಉಳಿದಿರೋದು ದೊಡ್ಡ ವಿಷಯ ದೊಡ್ಡಪ್ಪ! ಎರಡರ ನಡುವಿನ ಗಡಿ ಈ ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚು. ನಾವೀಗ ನಿಂತಿರೋ ಕಡೆಗೆ ದೂರವಿಲ್ಲ.

ಎಂಜಿನಿಯರ್: ವಿಷಯ ದೊಡ್ಡದು, ಒಪ್ಪಿದೆ. ಅಂಕಿಗಳು ಯಾಕೆ ಕೂಡಲ್ಲ?

ಸಂಶೋಧಕಿ: ಒಂದು ಕಾರಣ, ತೊಗಟೆಯ ಕೆಳಭಾಗದಲ್ಲಿ ವೇಗ ಒಮ್ಮೆಗೇ ಏರೋದರ ಬದಲು ಹಂತಹಂತವಾಗಿ ಏರಬಹುದು. 6.8, 7.1, 7.4 ಹೀಗೆ. ಆಗ ತೊಗಟೆ ಎಲ್ಲಿ ಮುಗೀತು ಅಂತ ಗೆರೆ ಹಾಕೋದು ಕಷ್ಟ. ಎರಡು ವಿಧಾನಗಳು ಎರಡು ಕಡೆ ಹಾಕ್ತವೆ.

ಎಂಜಿನಿಯರ್: ಹಾಗಂತ ನಕ್ಷೆಯಲ್ಲಿ ಬರೀತೀರಾ? ಇಲ್ಲ. ನಕ್ಷೆಯಲ್ಲಿ ಕಪ್ಪು ಶಾಯಿಯಲ್ಲಿ ದಪ್ಪಗೆ ಒಂದೇ ಗೆರೆ.

ಸಂಶೋಧಕಿ: ಪ್ರಬಂಧದ ಒಳಗೆ ಬರೀತೀವಿ. ಪಠ್ಯಪುಸ್ತಕಕ್ಕೆ ಹೋಗೋ ಹೊತ್ತಿಗೆ ಅದು ಉದುರಿಹೋಗಿರುತ್ತೆ, ನಿಜ.

ಎಂಜಿನಿಯರ್: ಉದುರೋದಲ್ಲ, ಉದುರಿಸ್ತಾರೆ. ರಷ್ಯಾದವರು ಕೋಲಾ ಅನ್ನೋ ಕಡೆ ಬಾವಿ ಕೊರೆದದ್ದು ಗೊತ್ತಲ್ಲ ನಿನಗೆ? ನಾವು ಕೆಲಸದಲ್ಲಿದ್ದಾಗ ಅದರ ಬಗ್ಗೆ ಓದಿ ರೋಮಾಂಚನ ಪಟ್ಟಿದ್ವಿ. 1970ರಲ್ಲಿ ಶುರು ಮಾಡಿ 1989ಕ್ಕೆ 12,262 ಮೀಟರ್ ತಲುಪಿದರು. ಇವತ್ತಿಗೂ ನೇರ ಕೆಳಗೆ ಅಷ್ಟು ಆಳ ಯಾರೂ ಹೋಗಿಲ್ಲ. ಅಲ್ಲಿ ಸುಮಾರು 7 ಕಿಲೋಮೀಟರಿಗೆ ಗ್ರಾನೈಟ್ ಮುಗಿದು ಬಸಾಲ್ಟ್ ಶುರುವಾಗುತ್ತೆ ಅಂತ ನಿಮ್ಮವರ ಅಲೆ ಹೇಳಿತ್ತು. ಪಠ್ಯಪುಸ್ತಕದಲ್ಲೆಲ್ಲ ಹಾಗೇ ಇತ್ತು, ಮೇಲೆ ಗ್ರಾನೈಟ್ ಪದರ, ಕೆಳಗೆ ಬಸಾಲ್ಟ್ ಪದರ. ಕೊರೆದರು. ಬಸಾಲ್ಟ್ ಬರಲೇ ಇಲ್ಲ. ಬಂದದ್ದು ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ತುಂಬಿಕೊಂಡ ರೂಪಾಂತರ ಶಿಲೆ. ಬಿಸಿಯೂ ಲೆಕ್ಕ ತಪ್ಪಿಸಿತು, 100 ಡಿಗ್ರಿ ಅಂದುಕೊಂಡಿದ್ದು 180 ಆಯ್ತು. ಹದಿನೈದಕ್ಕೆ ಹೋಗಬೇಕು ಅಂತಿದ್ದವರು ಹನ್ನೆರಡಕ್ಕೇ ನಿಲ್ಲಿಸಿದರು. ಈಗ ಹೇಳು.

ಸಂಶೋಧಕಿ: ಹೇಳ್ತೀನಿ, ಇದರಿಂದ ತಪ್ಪಿಸಿಕೊಳ್ಳೋಕೆ ನನಗೂ ಇಷ್ಟ ಇಲ್ಲ. ಅಲೆ ಹೇಳಿದ್ದು "ಇಲ್ಲಿ ವೇಗ ಬದಲಾಗುತ್ತೆ" ಅಂತ. ಅಲ್ಲಿ ನಿಜವಾಗಲೂ ಬಂಡೆಯ ಗುಣ ಬದಲಾಗಿತ್ತು. ಒತ್ತಡ, ಶಾಖ, ನೀರು, ಬಿರುಕು ಎಲ್ಲ ಸೇರಿ ಬದಲಾಯಿಸಿದ್ದವು. "ಬಸಾಲ್ಟ್" ಅಂದದ್ದು ಅಲೆಯಲ್ಲ, ನಾವು. ವೇಗ ಕೇಳಿ ಕಲ್ಲಿಗೆ ಹೆಸರಿಟ್ಟೆವು. ಒಂದೇ ವೇಗ ನಾಲ್ಕು ಥರದ ಕಲ್ಲಿಗೆ ಇರಬಹುದು ಅನ್ನೋದನ್ನ ಮರೆತೆವು.

ಎಂಜಿನಿಯರ್: ಅಳತೆ ಸರಿ, ಅರ್ಥ ತಪ್ಪು ಅಂತೀಯ. ಆದರೆ ಮಗಳೆ, ಜನಕ್ಕೆ ತಲುಪೋದು ಅರ್ಥವೇ. ಸೆಕೆಂಡುಗಳ ಪಟ್ಟಿ ಯಾರೂ ಓದಲ್ಲ.

ಸಂಶೋಧಕಿ: ಒಪ್ಪಿದೆ. ಹಾಗಾದರೆ ಇನ್ನೊಂದು ಬಾವಿಯ ಕತೆ ನೀವು ಕೇಳಬೇಕು. ಜರ್ಮನಿಯ ಬವೇರಿಯಾದಲ್ಲಿ, ವಿಂಡಿಶೆಷೆನ್‌ಬಾಖ್ ಅನ್ನೋ ಸಣ್ಣ ಊರಿನ ಹತ್ತಿರ, 1994ರಲ್ಲಿ 9,101 ಮೀಟರಿಗೆ ಕೊರೆದು ನಿಲ್ಲಿಸಿದರು. ತಳದಲ್ಲಿ ಬಿಸಿ 260 ಡಿಗ್ರಿ ದಾಟಿತ್ತು. ಕೊರೆಯೋ ಮೊದಲು ಸುತ್ತಮುತ್ತ ಬಿಗಿಯಾಗಿ ಪ್ರತಿಫಲನ ಸಮೀಕ್ಷೆ ಮಾಡಿದ್ದರು. ಅದರಲ್ಲಿ ಕಡಿದಾಗಿ ಇಳಿಯೋ ಒಂದು ಪ್ರತಿಧ್ವನಿ ಬಹಳ ಸ್ಪಷ್ಟವಾಗಿತ್ತು. ಬಾವಿ ಅದನ್ನ ಸುಮಾರು 7 ಕಿಲೋಮೀಟರಿನಲ್ಲಿ ದಾಟಬೇಕು. ದಾಟಿತು! ಏಳು ಕಿಲೋಮೀಟರಿನ ಹತ್ತಿರವೇ ನುಜ್ಜುಗುಜ್ಜಾದ ಬಂಡೆ, ಒಳಗೆ ದ್ರವ ಓಡಾಡೋ ದೊಡ್ಡ ಸ್ತರಭಂಗ ಸಿಕ್ಕಿತು. ಮೇಲಿನಿಂದ ಕೇಳಿಸಿಕೊಂಡದ್ದು ಕೆಳಗೆ ಇತ್ತು.

ಎಂಜಿನಿಯರ್: ಅದೇ ಬಾವಿಯಲ್ಲಿ ಬೇರೆ ಏನೂ ತಪ್ಪಲಿಲ್ವಾ?

ಸಂಶೋಧಕಿ: ತಪ್ಪಿತು. ಮೇಲಿನ ಬಂಡೆ ಒಂದು ತೆಳು ಹಾಳೆಯ ಥರ ಬಂದು ಕೂತಿದೆ, 3ರಿಂದ 5 ಕಿಲೋಮೀಟರಿಗೆ ಅದು ಮುಗಿದು ಬೇರೆ ಭೂಭಾಗ ಸಿಗುತ್ತೆ ಅಂತ ಅಂದಾಜಿತ್ತು. ಕೊನೆಯವರೆಗೂ ಸಿಗಲಿಲ್ಲ. ಪದರಗಳು ಮಲಗಿರಲಿಲ್ಲ, ಹೆಚ್ಚುಕಮ್ಮಿ ನೆಟ್ಟಗೆ ನಿಂತಿದ್ದವು.

ಎಂಜಿನಿಯರ್: ನೋಡಿದ್ಯಾ!

ಸಂಶೋಧಕಿ: ನೋಡಿದೆ. ನೀವೂ ನೋಡಿ. ಒಂದೇ ಬಾವಿಯಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ನಿಜವಾಯ್ತು, ಮೇಲ್ಮೈಯ ಭೂವಿಜ್ಞಾನದ ಜೊತೆ ಸೇರಿಸಿ ಊಹಿಸಿದ್ದು ಸುಳ್ಳಾಯ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಎಂಜಿನಿಯರ್: ಹಾಕೋದು ನಾನಲ್ಲ. ಒಂದೇ ಹಾಳೆಯ ಮೇಲೆ ಒಂದೇ ಬಣ್ಣದಲ್ಲಿ ಬರೆದುಕೊಟ್ಟರೆ ನೋಡೋರಿಗೆ ಯಾವುದು ಕೇಳಿಸಿದ್ದು, ಯಾವುದು ಊಹಿಸಿದ್ದು ಅಂತ ಹೇಗೆ ತಿಳಿಯಬೇಕು? ನಮ್ಮ ಡ್ರಾಯಿಂಗಿನಲ್ಲಿ ಬೋರ್ ಹಾಕಿ ನೋಡಿದ ಬಂಡೆಯ ಮಟ್ಟಕ್ಕೆ ಪೂರ್ತಿ ಗೆರೆ, ಅಂದಾಜಿನದಕ್ಕೆ ಚುಕ್ಕೆ ಗೆರೆ. ಚುಕ್ಕೆ ಗೆರೆಯ ಜಾಗಕ್ಕೆ ಪೂರ್ತಿ ಗೆರೆ ಹಾಕಿದ ಹುಡುಗನಿಗೆ ನಾನು ಡ್ರಾಯಿಂಗ್ ವಾಪಸ್ ಕೊಡ್ತಿದ್ದೆ.

ಸಂಶೋಧಕಿ: ಆ ಶಿಸ್ತು ನಮಗೆ ಇನ್ನೂ ಬೇಕು. ಆದರೆ ಒಂದು ಮಾತು ಕೇಳ್ತೀನಿ. ಅಮೆರಿಕದ ವಯೋಮಿಂಗ್‌ನಲ್ಲಿ ವಿಂಡ್ ರಿವರ್ ಅಂತ ಪರ್ವತಶ್ರೇಣಿ ಇದೆ. ಅದು ನೇರವಾಗಿ ಮೇಲಕ್ಕೆ ಎದ್ದದ್ದೋ, ಪಕ್ಕದಿಂದ ಒತ್ತಿ ಓರೆಯಾಗಿ ಹತ್ತಿಸಿದ್ದೋ ಅಂತ ಬಹಳ ಕಾಲ ಜಗಳ ಇತ್ತು. ಮೇಲ್ಮೈಯಲ್ಲಿ ಓಡಾಡಿದವರು ಎರಡು ಪಕ್ಷ ಆಗಿದ್ದರು. ಎಪ್ಪತ್ತರ ದಶಕದ ಕೊನೆಗೆ ಅಲ್ಲಿ ಪ್ರತಿಫಲನ ಸಮೀಕ್ಷೆ ಮಾಡಿದರು. ಮದ್ದೂ ಅಲ್ಲ, ನೆಲಕ್ಕೆ ತಟ್ಟೆ ಊರಿ ನಡುಗಿಸೋ ಲಾರಿಗಳಿಂದ. ಸ್ತರಭಂಗ ಸುಮಾರು 30 ಡಿಗ್ರಿ ಓರೆಯಲ್ಲಿ 20 ಕಿಲೋಮೀಟರಿಗಿಂತ ಆಳಕ್ಕೆ ಇಳಿದದ್ದು ಕಂಡಿತು. ಪಕ್ಕದಿಂದ ಒತ್ತಿದ್ದೇ ಅಂತ ತೀರ್ಮಾನ ಆಯ್ತು. ಬೋರ್ ಹಾಕಿ ಆ ಜಗಳ ಬಿಡಿಸೋಕಾಗ್ತಿತ್ತಾ? ಇಪ್ಪತ್ತು ಕಿಲೋಮೀಟರ್ ಕೊರೆಯೋ ಯಂತ್ರ ಇವತ್ತಿಗೂ ಇಲ್ಲ.

ಎಂಜಿನಿಯರ್: ಅಲ್ಲಿ ಕೆಲಸಕ್ಕೆ ಬಂತು, ಸಂತೋಷ. ಸಾಧನ ಎಲ್ಲಿ ಚೆನ್ನಾಗಿ ಕೇಳುತ್ತೋ ಅಲ್ಲಿ ನಂಬೋಣ. ಎಷ್ಟು ಸಣ್ಣದನ್ನ ಕೇಳಬಲ್ಲದು, ಅದನ್ನ ಹೇಳು.

ಸಂಶೋಧಕಿ: ಆಳಕ್ಕೆ ಹೋದ ಹಾಗೆ ಸಣ್ಣ ಅಲೆಗಳು ಸವೆದುಹೋಗ್ತವೆ, ಉದ್ದನೆಯವು ಮಾತ್ರ ಉಳಿಯೋದು. ಬುಡದಲ್ಲಿ ಸೆಕೆಂಡಿಗೆ ಹತ್ತು ಕಂಪನದ ಅಲೆ, 7 ಕಿಲೋಮೀಟರ್ ವೇಗ ಅಂದರೆ ಅಲೆಯ ಉದ್ದ 700 ಮೀಟರ್. ಅದರ ಕಾಲುಭಾಗಕ್ಕಿಂತ ತೆಳ್ಳಗಿನ ಪದರದ ಮೇಲಂಚು, ಕೆಳಂಚು ಬೇರೆಬೇರೆಯಾಗಿ ಕಾಣಲ್ಲ.

ಎಂಜಿನಿಯರ್: ಈ ಕಟ್ಟೆಗಿಂತ ಎಷ್ಟೋ ಎತ್ತರದ ಬಂಡೆಯೊಂದು ಅಲ್ಲಿ ಇದ್ದರೂ ನಿಮಗೆ ಕಾಣಲ್ಲ ಅಂತಾಯ್ತು. ಇನ್ನು ನನ್ನ ಊರಿನ ಮಾತಿಗೆ ಬರ್ತೀನಿ, ಬೇಜಾರು ಮಾಡ್ಕೋಬೇಡ. ಹಿರಿಯೂರು, ಹೊಸದುರ್ಗದ ರೈತ ಸಾವಿರ ಅಡಿ ಬೋರ್ ಕೊರೆಸಿ ಧೂಳು ಹಾರಿಸ್ತಾನೆ. ಸಾವಿರ ಅಡಿ ಅಂದರೆ 300 ಮೀಟರ್, ನಿನ್ನ ನಲವತ್ತು ಕಿಲೋಮೀಟರಿನಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ. ಆ ಒಂದು ಪಾಲಿನಲ್ಲಿ ನೀರು ಎಲ್ಲಿದೆ ಅಂತ ಹೇಳೋಕಾಗದ ವಿಜ್ಞಾನ ಉಳಿದ ತೊಂಬತ್ತೊಂಬತ್ತರ ಚಿತ್ರ ಬರೆದರೆ ಅವನಿಗೇನು?

ಸಂಶೋಧಕಿ: ಈ ಪ್ರಶ್ನೆ ನನ್ನನ್ನ ನಿದ್ದೆಗೆಡಿಸುತ್ತೆ. ನೀರಿಗೆ ಬೇರೆ ವಿಧಾನ ಇದೆ, ನೆಲಕ್ಕೆ ವಿದ್ಯುತ್ ಹರಿಸಿ ತಡೆ ಅಳೆಯೋದು. ಅದೂ ನಮ್ಮ ಗಟ್ಟಿ ಬಂಡೆಯಲ್ಲಿ ಅಡ್ಡಾದಿಡ್ಡಿ ಬಿರುಕುಗಳನ್ನ ಹಿಡಿಯೋಕೆ ಒದ್ದಾಡುತ್ತೆ. ನನ್ನ ಗೆರೆಯಿಂದ ಅವನ ತೆಂಗಿನ ತೋಟಕ್ಕೆ ಒಂದು ಕೊಡ ನೀರೂ ಬರಲ್ಲ. ಬರುತ್ತೆ ಅಂತ ಹೇಳಿ ದುಡ್ಡು ಕೇಳೋದು ಅನ್ಯಾಯ, ನಾನು ಕೇಳಲ್ಲ. ಆದರೆ ಅವನ ಮನೆ ನಿಂತಿರೋ ನೆಲ ನಡುಗಿದಾಗ ಈ ಗೆರೆ ಬೇಕಾಗುತ್ತೆ.

ಎಂಜಿನಿಯರ್: ಕಿಲ್ಲಾರಿಯಲ್ಲಿ ಬೇಕಾಗಿತ್ತಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ. ಸುಮಾರು ಹತ್ತು ಸಾವಿರ ಜನ ಮಲಗಿದ್ದಲ್ಲೇ ಕಲ್ಲುಗೋಡೆಗಳ ಕೆಳಗೆ ಹೋದರು. ಕಲಬುರ್ಗಿ ಕಡೆಯವರು ಆ ದಿನ ಮರೆತಿಲ್ಲ. ಗಟ್ಟಿ ನೆಲ, ಇಲ್ಲಿ ಭೂಕಂಪ ಆಗಲ್ಲ ಅಂತ ಎಲ್ಲರೂ ನಂಬಿದ್ದ ನೆಲ. ನಿನ್ನಂಥ ಗೆರೆ ಅಲ್ಲಿ ಮೊದಲೇ ಎಳೆದಿದ್ದರೆ ಎಚ್ಚರಿಸ್ತಿತ್ತಾ?

ಸಂಶೋಧಕಿ: ಇಲ್ಲ.

ಎಂಜಿನಿಯರ್: ಇಲ್ಲ ಅಂತ ನೇರವಾಗಿ ಹೇಳಿದೆಯಲ್ಲ, ಅದು ನನಗೆ ಹಿಡಿಸ್ತು.

ಸಂಶೋಧಕಿ: ಭೂಕಂಪ ಯಾವಾಗ ಅಂತ ಯಾವ ಸಮೀಕ್ಷೆಯೂ ಹೇಳಲ್ಲ. ಆದರೆ ಆದ ಮೇಲೆ ಎಲ್ಲಿ ಆಯ್ತು, ಎಷ್ಟು ಆಳದಲ್ಲಿ ಆಯ್ತು ಅಂತ ಗೊತ್ತಾಗಬೇಕಾದರೆ ತೊಗಟೆಯ ವೇಗ ತಿಳಿದಿರಬೇಕು. ನೂರು ಕಿಲೋಮೀಟರ್ ದೂರದ ಕೇಂದ್ರದಲ್ಲಿ ವೇಗವನ್ನ 6.3ರ ಬದಲು 6 ಅಂತ ಹಿಡಿದರೆ ಮುಕ್ಕಾಲು ಸೆಕೆಂಡಿಗೂ ಮಿಗಿಲು ತಪ್ಪು, ಅಂದರೆ ಜಾಗದಲ್ಲಿ 5 ಕಿಲೋಮೀಟರ್ ಆಚೀಚೆ. ಕೊಯ್ನಾದಲ್ಲಿ ಐದು ಕಿಲೋಮೀಟರ್ ತಪ್ಪಿದರೆ ಯಾವ ಸ್ತರಭಂಗ ಜರುಗ್ತಿದೆ ಅಂತಲೇ ತಿಳಿಯಲ್ಲ. 1967ರ ಡಿಸೆಂಬರಿನಲ್ಲಿ ಅಲ್ಲಿ 6.3ರ ಭೂಕಂಪ ಆಗಿ ಸುಮಾರು ಇನ್ನೂರು ಜನ ಸತ್ತರು. ಜಲಾಶಯ ತುಂಬಿಸಿದ ಮೇಲೆ ಶುರುವಾದ ಕಂಪನಗಳು ಇವತ್ತಿಗೂ ನಿಂತಿಲ್ಲ. ಕಟ್ಟೆ ಕಟ್ಟೋರಿಗೆ ಇದು ಸಂಬಂಧ ಇಲ್ಲದ್ದಾ ದೊಡ್ಡಪ್ಪ?

ಎಂಜಿನಿಯರ್: ಸಂಬಂಧ ಇದೆ. ಕೊಯ್ನಾ ಆದ ಮೇಲೆ ನಮ್ಮ ವಿನ್ಯಾಸದ ಪುಸ್ತಕಗಳೇ ಬದಲಾದವು. ಅದನ್ನ ನಾನು ಅಲ್ಲಗಳೆಯಲ್ಲ. ನನ್ನ ಮಾತು ಇಷ್ಟು: ಕೊಯ್ನಾದಲ್ಲಿ ಕೊನೆಗೆ ಏನು ಮಾಡಿದರು? ಕೊರೆದರು.

ಸಂಶೋಧಕಿ: ಹೌದು, ಕೊರೆದರು. ಮೊದಲು ಒಂದೂವರೆ ಕಿಲೋಮೀಟರಿನವರೆಗಿನ ಹಲವು ಬಾವಿಗಳು, ಆಮೇಲೆ 2017ರಲ್ಲಿ ಗೋಠಣೆಯಲ್ಲಿ 3 ಕಿಲೋಮೀಟರ್.

ಎಂಜಿನಿಯರ್: ಕೊರೆದಾಗ ಏನು ಸಿಕ್ಕಿತು?

ಸಂಶೋಧಕಿ: ಒಂದು ಕಿಲೋಮೀಟರ್ ಆಸುಪಾಸಿನ ದಪ್ಪದ ಬಸಾಲ್ಟ್, ಅದರ ಕೆಳಗೆ ನೇರವಾಗಿ ಗ್ರಾನೈಟು, ನೈಸು. ಬಸಾಲ್ಟಿನ ಅಡಿಯಲ್ಲಿ ಹಳೆಯ ಮರಳುಗಲ್ಲು, ಜೇಡಿಗಲ್ಲುಗಳ ಪದರ ಇರಬಹುದು ಅನ್ನೋ ಅನುಮಾನ ಆ ಬಾವಿಗಳಲ್ಲಿ ತೀರಿತು. ಇರಲಿಲ್ಲ.

ಎಂಜಿನಿಯರ್: ಗಟ್ಟಿ ಬಸಾಲ್ಟಿನ ಕೆಳಗೆ ಮೆತ್ತನೆಯ ಪದರ ಇದೆಯೋ ಇಲ್ಲವೋ. ನನ್ನ ಪಾಯದ ಕಷ್ಟವೇ ಅದು. ಅದನ್ನ ಬಿಡಿಸಿದ್ದು ಬೋರ್. ಅದಕ್ಕೇ ನಾನು ಹೇಳೋದು, ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿ, ನೀನು ಗಡಿ ಅಂತೀಯಲ್ಲ, ಅಲ್ಲಿ ಒಂದು 3 ಕಿಲೋಮೀಟರಿನ ಬಾವಿ ತೋಡಿ. ಆ ಕೋರ್ ಪೆಟ್ಟಿಗೆಗಳನ್ನ ಸಾಲಾಗಿ ಜೋಡಿಸಿ. ಆಮೇಲೆ ನಲವತ್ತು ಕಿಲೋಮೀಟರಿನ ಮಾತಾಡೋಣ.

ಸಂಶೋಧಕಿ: ಎಲ್ಲಿ ತೋಡಬೇಕು ಅಂತ ಹೇಗೆ ಗೊತ್ತು ಮಾಡ್ತೀರಿ? ಆ ಅಂಚು ಮೇಲೆ ಕಾಣೋ ಜಾಗದಿಂದ ಕೆಳಗೆ ಪೂರ್ವಕ್ಕೆ ಓರೆಯಾಗಿದ್ದರೆ ಒಂದು ಕಡೆ, ಪಶ್ಚಿಮಕ್ಕೆ ಓರೆಯಾಗಿದ್ದರೆ ಇನ್ನೊಂದು ಕಡೆ. ಪೇರೂರಿನಿಂದ ಚಿಕ್ಕಮಗಳೂರಿನ ಕಡೆಗೆ ಈಚೆಗೆ ಪ್ರತಿಫಲನ ಸಮೀಕ್ಷೆ ನಡೆಸಿದರು. ತೊಗಟೆಯ ಒಳಗಿನ ಓರೆ ಪ್ರತಿಧ್ವನಿಗಳು ಎರಡು ತುಂಡು ನೆಲಗಳು ಸುಮಾರು 250 ಕೋಟಿ ವರ್ಷದ ಹಿಂದೆ ಒಂದಕ್ಕೊಂದು ಬಂದು ಕೂಡಿಕೊಂಡ ಗುರುತು ಅಂತ ಅವರು ಓದಿದರು. ಅದನ್ನ ಹಿಡಿದುಕೊಂಡೇ ತಾನೇ ನಿಮ್ಮ ಬಾವಿಯ ಜಾಗ ಗುರುತಿಸಬೇಕು?

ಎಂಜಿನಿಯರ್: ಗುರುತಿಸೋಕೆ ಬೇಕು. ಆದರೆ ಕೂಡಿಕೊಂಡವು ಅನ್ನೋ ಕತೆಗೆ ನಾನು ಚುಕ್ಕೆ ಗೆರೆಯನ್ನೇ ಹಾಕೋದು.

ಸಂಶೋಧಕಿ: ಹಾಕಿ. ನೀವು ಬಾವಿ ತೋಡಿದ ಮೇಲೂ 3 ಕಿಲೋಮೀಟರಿನ ಕೆಳಗೆಲ್ಲ ಚುಕ್ಕೆ ಗೆರೆಯೇ ಇರುತ್ತೆ. ನನ್ನದು ಅಲ್ಲಿಂದ ಮುಂದೆ.

ಎಂಜಿನಿಯರ್: ದುಡ್ಡು ಒಂದಕ್ಕೆ ಮಾತ್ರ ಇದ್ದರೆ?

ಸಂಶೋಧಕಿ: ಹೊಸ ಗೆರೆ. 1972ರ ಗೆರೆಯ ಪಕ್ಕದಲ್ಲೇ, ಹತ್ತು ಪಟ್ಟು ಹೆಚ್ಚು ಜಿಯೋಫೋನ್ ನೆಟ್ಟು. ಹಳೆಯ ದಾಖಲೆಯಲ್ಲಿ ಕಾಣದ್ದು ಎಷ್ಟು ಕಾಣುತ್ತೋ ನೋಡಬೇಕು.

ಎಂಜಿನಿಯರ್: ನಾನು ಬಾವಿಗೇ ಸಹಿ ಹಾಕೋದು.

ಸಂಶೋಧಕಿ: ಹಾಗಾದರೆ ನಿಮ್ಮ ಬಾವಿಯೊಳಗೆ ನನ್ನ ಜಿಯೋಫೋನ್ ಇಳಿಸೋಕೆ ಬಿಡಬೇಕು. ಮೇಲೆ ಏಟು ಹಾಕಿ ಕೆಳಗೆ ಕೇಳಿದರೆ, ಯಾವ ಕಲ್ಲಿಗೆ ಯಾವ ವೇಗ ಅಂತ ಕಲ್ಲನ್ನ ಮುಂದಿಟ್ಟುಕೊಂಡೇ ಬರೆಯಬಹುದು.

ಎಂಜಿನಿಯರ್: ಇಳಿಸು. ಆದರೆ ಕೋರ್ ಪೆಟ್ಟಿಗೆಯನ್ನ ನಾನು ನೋಡಿ ಮುಗಿಸೋವರೆಗೆ ನಿನ್ನ ಲೆಕ್ಕ ನನಗೆ ತೋರಿಸಬಾರದು. ನನ್ನದನ್ನ ನೀನೂ ನೋಡಬಾರದು. ಎರಡನ್ನೂ ಬೇರೆಬೇರೆ ಬರೆದು, ಆಮೇಲೆ ಪಕ್ಕಪಕ್ಕ ಇಡೋಣ.